ಎರಡು ಎಂದು ನಾನೇ ಹೇಳಿಸಿದ ನೋವು

ನನಗೆ ಕೊಟ್ಟಿದ್ದ ಕೆಲಸ ಹೇಳಿಕೊಳ್ಳಲಿಕ್ಕೂ ಸಣ್ಣದು. ಮೊಣಕಾಲಿನ ಕೀಲು ಬದಲಿಸಿಕೊಂಡವರ ಹಾಸಿಗೆಯ ಪಕ್ಕ ನಿಂತು ಎರಡು ಪ್ರಶ್ನೆ ಓದಬೇಕು. ಸುಮ್ಮನೆ ಮಲಗಿದ್ದಾಗ ನೋವು ಎಷ್ಟು? ಮೊಣಕಾಲು ಮಡಚಿದಾಗ ಎಷ್ಟು? ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಾಳಲಾರದ ನೋವು. ಅವರು ಹೇಳಿದ ಅಂಕಿ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋಗಬೇಕು. ಚಪಾತಿ ಹಿಟ್ಟು ನಾದುವುದಕ್ಕೂ ಇದಕ್ಕಿಂತ ಹೆಚ್ಚು ಬುದ್ಧಿ ಬೇಕು ಎಂದು ಮೊದಲ ದಿನ ಮನೆಯಲ್ಲಿ ಹೇಳಿ ನಕ್ಕಿದ್ದೆ. ಆ ನಗು ನೆನಪಾದರೆ ಈಗ ಮುಖ ಎಲ್ಲಿಡಲಿ ಅನಿಸುತ್ತದೆ.

ಕೆಲಸ ಸಿಕ್ಕಿದ್ದು ಲಿಫ್ಟಿನಲ್ಲಿ. ಯಜಮಾನರ ಕೆಲಸಕ್ಕಾಗಿ ನಾವು ಬಂದು ನೆಲೆಸಿದ್ದು ಬಂಗಾಳದಲ್ಲಿ. ಟಾಲಿಗಂಜ್‌ನ ನಮ್ಮ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಒಳಗೆ ನಾನು, ನನ್ನ ತರಕಾರಿ ಚೀಲ, ಮತ್ತು ಫೋನು ಕಟ್ಟಾಗಿದ್ದಕ್ಕೆ "ಅಯ್ಯ ಶಿವನ!" ಎಂದ ಒಬ್ಬ ಯುವತಿ. ಧಾರವಾಡದ ಮಿಶನ್ ಕಾಂಪೌಂಡಿನಲ್ಲಿ ಬೆಳೆದ ನನಗೆ ಆ ಎರಡು ಶಬ್ದ ಸಾಕಾಯಿತು. ಆಕೆ ಹುಬ್ಬಳ್ಳಿಯವಳು, ಅರಿವಳಿಕೆ ತಜ್ಞೆ. ಅರ್ಧ ದಾರಿಯಲ್ಲಿ ನಿಂತ ಲಿಫ್ಟೂ ಕರ್ತನ ಕೃಪೆಯೇ ಎಂದು ಅಂದು ನಾನು ಎಣಿಸಿಕೊಂಡೆ. ಹಾಗೆ ಎಣಿಸುವುದು ನನ್ನ ರೂಢಿ. ಗ್ಯಾಸ್ ಸಿಲಿಂಡರ್ ಬೇಗ ಬಂದರೆ ಒಂದು ಕೃಪೆ, ಖಿದಿರ್‌ಪುರದ ಹಡಗು ಕಚೇರಿಯಿಂದ ಯಜಮಾನರು ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದರೆ ಇನ್ನೊಂದು.

ಕೆಲವು ವಾರದ ಮೇಲೆ ಆಕೆ ಚಹಾಕ್ಕೆ ಬಂದವಳು ವಿಷಯ ತೆಗೆದಳು.

"ಅಕ್ಕಾರ, ನನಗೊಬ್ಬರು ಬೇಕಾಗ್ಯಾರ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಹಂಥವ್ರು. ಬಂಗಾಳಿ ಬರಬೇಕು. ಮುದುಕ್ಯಾರು ಅಂಜದ ಮಾತಾಡಬೇಕು."

"ನನ್ನ ಬಂಗಾಳಿ ಮೀನ ಮಾರ್ಕೆಟ್ಟಿನ ಬಂಗಾಳಿರಿ."

"ಅದ ಬೇಕು. ನಂದು ಪುಸ್ತಕದ್ದು. ನಾ ಕೇಳಿದ್ರ ಪರೀಕ್ಷಾಕ್ಕ ಕುಂತಂಗ ಕುಂದರತಾರ."

ಸಂಶೋಧನೆ ಹೀಗಿತ್ತು. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಅದು ಇಳಿದ ಮೇಲೆ ನೋವು ಶುರು. ಅದಕ್ಕಾಗಿ ತೊಡೆಯ ಒಳಬದಿಯಲ್ಲಿ, ಅಲ್ಟ್ರಾಸೌಂಡ್ ಪರದೆ ನೋಡಿಕೊಂಡು, ನರದ ಸುತ್ತ ಮದ್ದು ತುಂಬುತ್ತಾರೆ. ಕಾಲಿನ ಬಲ ಹೋಗುವುದಿಲ್ಲ, ನೋವು ಮಾತ್ರ ಹೆಚ್ಚು ಕಡಿಮೆ ಒಂದು ದಿನ ತಡೆಯುತ್ತದೆ. ಆದರೆ ಮೊಣಕಾಲಿನ ಹಿಂಬದಿಯ ನೋವಿಗೆ ಅದು ಸಾಲುವುದಿಲ್ಲ. ಹಿಂಬದಿಗೂ ಒಂದು ಚುಚ್ಚುಮದ್ದು ಸೇರಿಸಿದರೆ ನಿಜವಾಗಿ ಉಪಯೋಗವಿದೆಯೇ? ಇದು ಆಕೆಯ ಪ್ರಶ್ನೆ. ಅರ್ಧ ಜನಕ್ಕೆ ಒಂದು, ಅರ್ಧ ಜನಕ್ಕೆ ಎರಡು. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಯದು, ಕೇಳುವವಳಿಗೂ ತಿಳಿಯಬಾರದು. ಹಾಗಾಗಿ ಎಲ್ಲರ ಮೊಣಕಾಲಿನ ಹಿಂದೆಯೂ ಒಂದೊಂದು ಅಂಟುಪಟ್ಟಿ ಹಚ್ಚುತ್ತಿದ್ದರು. ಕೆಲವರ ಪಟ್ಟಿಯ ಕೆಳಗೆ ಸೂಜಿಯ ಗುರುತು ಇರುತ್ತಿತ್ತು, ಕೆಲವರದರಲ್ಲಿ ಏನೂ ಇಲ್ಲ.

ತರಬೇತಿಯಲ್ಲಿ ಆಕೆ ಕೈ ಮುಗಿದು ಹೇಳಿದ್ದಳು: "ಇದ್ದದ್ದು ಇದ್ದಂಗ ಓದ್ರಿ ಅಕ್ಕಾರ. ಒಂದಕ್ಷರ ಹೆಚ್ಚಿಲ್ಲ, ಕಡಿಮಿಲ್ಲ. ನೀವು ನಕ್ರ ಅವ್ರು ಕಡಿಮಿ ಹೇಳ್ತಾರ, ಹುಬ್ಬು ಗಂಟು ಹಾಕಿದ್ರ ಹೆಚ್ಚಿಗಿ ಹೇಳ್ತಾರ."

ಓದಿದೆ. ಒಂದಕ್ಷರ ಬಿಡದೆ ಓದಿದೆ. ಆದರೆ ಓದುವುದಕ್ಕೆ ಮುಂಚೆ ಮನುಷ್ಯರನ್ನು ಮಾತಾಡಿಸಬೇಕಲ್ಲ? ಹೋದವಳೇ "ನೋವು ಎಷ್ಟು" ಎಂದು ಕೇಳಿದರೆ ಸಾಲ ವಸೂಲಿಗೆ ಬಂದ ಹಾಗಲ್ಲವೇ? ನಮ್ಮ ಕಡೆ ಯಾರ ಮನೆಯ ಹೊಸಿಲು ತುಳಿದರೂ ಮೊದಲ ಮಾತು "ಆರಾಮ ಅದೀರಿಲ್ಲ?" ಜ್ವರದಲ್ಲಿ ಮಲಗಿದವರೂ "ಆರಾಮ್ರಿ" ಎಂದು ಹೇಳಿ ಆಮೇಲೆ ಕೆಮ್ಮುತ್ತಾರೆ. ಬಂಗಾಳಿಯಲ್ಲೂ ಹಾಗೆಯೇ ಒಂದಿದೆ. "ಭಾಲೋ ತೋ?" ಚೆನ್ನಾಗಿದ್ದೀರಿ ತಾನೇ? ನಮ್ಮ ಮೀನಿನವನು ನನಗೆ ದಿನವೂ ಕೇಳುವುದು ಅದನ್ನೇ. ನಾನು ಬಂಗಾಳಿ ಕಲಿತದ್ದೇ ಆ "ತೋ" ಇಂದ. ಹಾಸಿಗೆಯ ಪಕ್ಕ ಹೋಗಿ, ಹೊದಿಕೆ ಸರಿ ಮಾಡಿ, ಹಣೆಯ ಕೂದಲು ಹಿಂದೆ ಸರಿಸಿ, "ಭಾಲೋ ತೋ, ಮಾಶಿಮಾ?" ಅನ್ನುತ್ತಿದ್ದೆ. ಮಾಶಿಮಾ ಎಂದರೆ ಚಿಕ್ಕಮ್ಮ. ಅವರು "ಹ್ಯಾಂ, ಭಾಲೋ" ಅನ್ನುತ್ತಿದ್ದರು. ಆಮೇಲೆ ಹಾಳೆ ತೆಗೆದು ಓದುತ್ತಿದ್ದೆ.

ಎರಡು, ಒಂದು, ಎರಡು, ಮೂರು. ಬಹಳ ಜನ ಹೀಗೇ ಹೇಳಿದರು. ಕಡಿಮೆ ಅಂಕಿ ಬಂದಾಗ ನನ್ನ ಬಾಯಿಂದ ತಾನಾಗಿ "ಭಗವಾನೇರ್ ದೊಯಾ" ಎಂದು ಬರುತ್ತಿತ್ತು, ದೇವರ ದಯೆ. ಅದು ಪ್ರಶ್ನೆಯ ಭಾಗವಲ್ಲವಲ್ಲ, ಉತ್ತರ ಬಂದಾದ ಮೇಲಿನ ಮಾತು, ತಪ್ಪೇನು ಎಂದುಕೊಂಡೆ. ಎರಡನೆಯ ಪ್ರಶ್ನೆ ಇನ್ನೂ ಬಾಕಿ ಇರುತ್ತಿತ್ತು ಎಂಬುದು ತಲೆಗೆ ಹೋಗಲಿಲ್ಲ. ರಾತ್ರಿಯ ಪ್ರಾರ್ಥನೆಯಲ್ಲಿ ಆ ಅಂಕಿಗಳನ್ನೂ ಕೃಪೆಗಳ ಸಾಲಿಗೆ ಸೇರಿಸಿಕೊಂಡೆ. ಡಾಕ್ಟರ್ ಕೂಡ ಹಿಗ್ಗಿದಳು. ಚುಚ್ಚುವವರು ಬೇರೆ ಡಾಕ್ಟರಾದ್ದರಿಂದ ಯಾರಿಗೆ ಯಾವ ಮದ್ದು ಎಂಬುದು ಆಕೆಗೂ ಮುಚ್ಚಿಟ್ಟದ್ದೇ, ಆದರೂ ಒಟ್ಟಿನಲ್ಲಿ ಜನ ನರಳುತ್ತಿಲ್ಲ ಎಂಬುದು ಕಾಣುತ್ತಿತ್ತು. "ಅಕ್ಕಾರ, ನಿಮ್ಮ ಕೈಗುಣ" ಎಂದಳು. ನಾನು ಬೇಡ ಬೇಡ ಎಂದು ಸಂತೋಷಪಟ್ಟೆ.

ಆ ನಡುವೆ ಬಂದವರು ಹೊಲಿಗೆಯ ಮಾಶಿಮಾ. ನಮ್ಮ ಮೆಟ್ರೋ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸೀರೆಗೆ ಫಾಲ್ ಹಚ್ಚುವವರು, ಬ್ಲೌಸು ಹೊಲಿಯುವವರು. ಕಾಲಿನಿಂದ ತುಳಿಯುವ ಮಷಿನು. ಎರಡೂ ಮೊಣಕಾಲು ಸವೆದು ಹೋಗಿದ್ದವು. ಮೊದಲು ಬಲಗಾಲು, ಅದು ಪಳಗಿದ ಮೇಲೆ ಎಡಗಾಲು ಎಂದು ನಿಶ್ಚಯವಾಗಿತ್ತು. ನನ್ನನ್ನು "ಬೌದಿ", ಅಂದರೆ ಅತ್ತಿಗೆ ಎಂದು ಕರೆದರು, ಗಿರಾಕಿಗಳನ್ನು ಕರೆಯುವ ಹಾಗೆ.

"ನಿಮ್ಮ ಬ್ಲೌಸಿನ ತೋಳು ಯಾರು ಕತ್ತರಿಸಿದ್ದು ಬೌದಿ? ಅವನ ಕೈಗೆ ಮೊದಲು ಆಪರೇಷನ್ ಮಾಡಿಸಿ."

ಹೀಗೆ ಮಾತಾಡುವವರು ಶಸ್ತ್ರಚಿಕಿತ್ಸೆಯ ಮಾರನೆಯ ದಿನ ಸುಮ್ಮನೆ ಮಲಗಿದ್ದರು. ತುಟಿ ಒಣಗಿತ್ತು. "ಭಾಲೋ ತೋ, ಮಾಶಿಮಾ?" ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ ತಲೆ ಆಡಿಸಿದರು. ಓದಿದೆ. ಮಲಗಿದ್ದಾಗ "ದುಇ", ಎರಡು. ದೇವರ ದಯೆ ಎಂದೆ. ಮಡಚಿದಾಗಲೂ ಎರಡು. ಬರೆದುಕೊಂಡೆ. ನಾಲ್ಕು ದಾಟಿದರೆ ಹೆಚ್ಚಿನ ಮದ್ದು ಕೊಡಬೇಕೆಂಬ ನಿಯಮವಿತ್ತು. ಅದನ್ನು ವಾರ್ಡಿನ ಸಿಸ್ಟರ್ ತಾವೇ ಕೇಳಿ ನಿರ್ಧರಿಸಬೇಕು. ಆದರೆ ಅಂದು ವಾರ್ಡು ತುಂಬಿತ್ತು, ಸಿಸ್ಟರ್ ನನ್ನ ಹಾಳೆಯ ಮೇಲೆ ಕಣ್ಣಾಡಿಸಿ "ಎರಡಾ? ಸರಿ" ಎಂದು ಮುಂದೆ ಹೋದರು.

ಹೊಲಿಗೆ ಬಿಚ್ಚಿದ ಮೇಲೆ ಅವರು ಮತ್ತೆ ತೋರಿಸಿಕೊಳ್ಳಲು ಬಂದ ದಿನ ನಾನೂ ಅಲ್ಲೇ ಇದ್ದೆ. ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಅವರ ಕಾಲು ಮಡಚಲು ನೋಡಿದ. ಲಂಬಕೋನದ ಹತ್ತಿರಕ್ಕೂ ಬರಲಿಲ್ಲ. ಅಷ್ಟು ಹೊತ್ತಿಗೆ ಅದನ್ನು ದಾಟಿರಬೇಕಿತ್ತು.

"ವ್ಯಾಯಾಮ ಮಾಡಲಿಲ್ಲವಾ ಮಾಶಿಮಾ?"

"ಹೇಗೆ ಮಾಡಲಿ? ಮೊದಲೆರಡು ದಿನ ಜೀವ ಹೋಗುತ್ತಿತ್ತು. ಆಮೇಲೆ ಕಾಲು ಮುಟ್ಟುವುದಕ್ಕೇ ಹೆದರಿಕೆ. ಎಡಗಾಲು ನನಗೆ ಬೇಡಪ್ಪಾ, ಇದ್ದ ಹಾಗೆ ಇರಲಿ. ಇನ್ನೊಮ್ಮೆ ಆ ಮಂಚದ ಮೇಲೆ ನಾನು ಮಲಗುವುದಿಲ್ಲ."

"ನಿಮ್ಮ ನೋವು ಬರೀ ಎರಡು ಎಂದು ಬರೆದಿದೆಯಲ್ಲ!"

ಮಾಶಿಮಾ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿಲ್ಲ, ನಾಚಿಕೆ. ಗಿರಾಕಿಯ ಬಟ್ಟೆ ಕೆಡಿಸಿದವರ ನಾಚಿಕೆ.

"ಬೌದಿ ಅಷ್ಟು ಆಸೆಯಿಂದ ಕೇಳಿದರು, ಭಾಲೋ ತೋ ಎಂದು. ಇಲ್ಲ ಎಂದು ಹೇಗೆ ಹೇಳಲಿ? ಎರಡು ಎಂದರೆ ಅವರಿಗೆ ಸಂತೋಷವಾಗುತ್ತಿತ್ತು. ಪಕ್ಕದ ಹಾಸಿಗೆಯವರು ಹೇಳಿದಾಗ ನೋಡಿದ್ದೆ."

ವ್ಯಾಯಾಮ ಮಾಡಿಸುವ ಹುಡುಗ ನಕ್ಕು "ನಮ್ಮ ಬಂಗಾಳಿ ಹೆಂಗಸರು ಹೀಗೇ ದೀದಿ, ನೋವನ್ನೂ ಅತಿಥಿಗೆ ಬಡಿಸುವುದಿಲ್ಲ" ಎಂದು ಕಾಲಿನ ಕೆಲಸಕ್ಕೆ ಹೊರಳಿದ. ಅವನಿಗೆ ಅದು ತಮಾಷೆ. ನಾನು ಕೈಯಲ್ಲಿದ್ದ ಹಾಳೆಗಳನ್ನು ಸೀರೆಯ ಸೆರಗಿನೊಳಗೆ ಎಳೆದುಕೊಂಡೆ, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ. ಅವರಿಗೆ ನೋವಾಗಿದ್ದು ಒಂದು, ಆ ನೋವನ್ನು ನನ್ನ ಸಂತೋಷಕ್ಕಾಗಿ ನುಂಗಿದ್ದು ಇನ್ನೊಂದು. ಅವರು ಎರಡು ಎಂದ ದಿನ ರಾತ್ರಿ ಅದಕ್ಕೇ ನಾನು ಸ್ತೋತ್ರ ಹೇಳಿ ಮಲಗಿದ್ದೆ.

ಮನೆಯಲ್ಲಿ ಊಟಕ್ಕೆ ಬಡಿಸುತ್ತಾ ಯಜಮಾನರಿಗೆ ಹೇಳಿದೆ. ಅವರು ಅನ್ನ ಕಲಸುತ್ತಲೇ ನಕ್ಕರು.

"ಮದುವ್ಯಾದಾಗಿಂದ ನನಗೂ ಹಂಗ ಕೇಳೀದಿ. 'ಪಲ್ಯ ಚಲೋ ಆಗೇತಲ್ಲಾ?' ಅಂತ. ಉಪ್ಪಿಲ್ಲ ಅಂತ ಒಂದಿನರ ನಾ ಅಂದೇನೇನು?"

"ಇವತ್ತು ಉಪ್ಪು ಐತಿಲ್ಲೋ?"

"ಚಲೋ ಆಗೇತಿ."

ನಾನು ಬಾಯಿಗೆ ಹಾಕಿ ನೋಡಿದೆ. ಉಪ್ಪೇ ಇರಲಿಲ್ಲ. ಅವರು ಮತ್ತೂ ನಗುತ್ತಿದ್ದರು, ನನಗೆ ಅಳು ಬಂದಿತು.

ಹೇಳದೆ ಇರಬಹುದಿತ್ತು. ಇದನ್ನು ಮುಚ್ಚಿಟ್ಟರೆ ಬರೆಯುವುದರಲ್ಲಿ ಅರ್ಥವಿಲ್ಲ. ಸಂಶೋಧನೆಗೆ ಬೇಕಾದ ರೋಗಿಗಳ ಲೆಕ್ಕ ಮುಗಿಯುತ್ತಾ ಬಂದಿತ್ತು. ಡಾಕ್ಟರ್ ಒಂದು ಸಮ್ಮೇಳನಕ್ಕೆ ಹೆಸರು ಕೊಟ್ಟಿದ್ದಳು, ಅದಕ್ಕಾಗಿ ಒಂದು ಮೈಸೂರು ರೇಶಿಮೆ ಸೀರೆಯನ್ನೂ ಇಸ್ತ್ರಿಗೆ ಕೊಟ್ಟಿದ್ದಳು. ಇನ್ನು ಮೇಲೆ "ಭಾಲೋ ತೋ" ಬಿಟ್ಟುಬಿಟ್ಟರೆ ಸಾಕು, ಹಿಂದಿನದು ಹಿಂದಾಯಿತು ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಆ ಎರಡು ದಿನ ಪ್ರಾರ್ಥನೆಗೆ ಮೊಣಕಾಲೂರಿದರೂ ಬಾಯಿ ತೆರೆಯಲಾಗಲಿಲ್ಲ. ಊರಿದ ನನ್ನ ಮೊಣಕಾಲೇ ಮಾಶಿಮಾರ ಮೊಣಕಾಲನ್ನು ನೆನಪಿಸುತ್ತಿತ್ತು.

ಮೂರನೆಯ ದಿನ ಆಕೆಯ ಕೋಣೆಗೆ ಹೋಗಿ ನಿಂತುಕೊಂಡೇ ಹೇಳಿದೆ. ಆಕೆ ಮೊದಲು ನಂಬಲಿಲ್ಲ.

"ಒಬ್ಬಾಕಿ ಹಂಗಂದ್ಲು ಅಂತ ಎಲ್ಲಾರದೂ ತಪ್ಪ ಅಂತ ಹೆಂಗ ಹೇಳ್ತೀರಿ ಅಕ್ಕಾರ?"

"ನಾ ಎಲ್ಲಾರಿಗೂ ಹಂಗ ಕೇಳೇನ್ರಿ."

"ಪ್ರಶ್ನಿ ಬದಲ ಮಾಡೀರೇನು?"

"ಪ್ರಶ್ನಿ ಅದ. ಅದಕ್ಕಿಂತ ಮೊದಲ ನಾನ ಉತ್ತರ ಹೇಳಿಕೊಟ್ಟೇನಿ."

ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು, ರೋಗಿಗಳ ಒಪ್ಪಿಗೆ ಪಡೆದು, ಕೆಲವು ಸಂದರ್ಶನಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುವ ಪದ್ಧತಿ ಇತ್ತು. ಕೇಳಲು ಯಾರಿಗೂ ಪುರುಸೊತ್ತು ಆಗಿರಲಿಲ್ಲ. ಅಂದು ಮಧ್ಯಾಹ್ನ ಆಕೆಯ ಮೇಲಧಿಕಾರಿಯಾದ ಪ್ರೊಫೆಸರ್ ಅವರ ಕೋಣೆಯಲ್ಲಿ ಮೂವರೂ ಕುಳಿತು ಕೇಳಿದೆವು. ಅವರು ವಯಸ್ಸಾದ ಬಂಗಾಳಿಗಳು, ನಿಧಾನಸ್ಥರು.

ನನ್ನ ದನಿಯನ್ನು ನಾನು ಹಾಗೆ ಎಂದೂ ಕೇಳಿರಲಿಲ್ಲ. ಎಷ್ಟು ಸಿಹಿ! ಬೆಲ್ಲದ ಪಾಕ ಎಳೆದ ಹಾಗೆ. "ಭಾಲೋ ತೋ, ಮಾಶಿಮಾ?" ಹ್ಯಾಂ. ಪ್ರಶ್ನೆ. ಮೂರು. "ದೇವರ ದಯೆ!" ಇನ್ನೊಬ್ಬರು. ಭಾಲೋ ತೋ. ಒಬ್ಬಾಕೆ ತಡವರಿಸುತ್ತಾ "ಐದು..." ಎಂದರು. ನಾನು ಏನೂ ಹೇಳಲಿಲ್ಲ. ದೇವರ ದಯೆಯೂ ಇಲ್ಲ, ಏನೂ ಇಲ್ಲ. ಆ ಮೌನ ಅಷ್ಟು ಉದ್ದ ಇತ್ತೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಆಕೆಯೇ "ಅಲ್ಲ ಅಲ್ಲ, ಮೂರು ಎಂದು ಬರೆಯಿರಿ" ಎಂದರು. "ಆಹಾ, ದೇವರ ದಯೆ" ಎಂದಿತು ನನ್ನ ದನಿ.

ಪ್ರೊಫೆಸರ್ ಅಲ್ಲಿ ನಿಲ್ಲಿಸಿದರು. ನಾನು ಮೇಜಿನ ಕಾಲು ನೋಡುತ್ತಿದ್ದೆ.

"ನೀವು ಸುಳ್ಳು ಬರೆದಿಲ್ಲ" ಎಂದರು ಹಿಂದಿಯಲ್ಲಿ. "ಅದೇ ಕಷ್ಟ. ಸುಳ್ಳನ್ನು ಹಿಡಿಯಬಹುದು. ಎರಡೂ ಗುಂಪಿನವರು ಎರಡು ಎರಡು ಎನ್ನುತ್ತಿದ್ದರೆ ಯಾವ ಮದ್ದು ಕೆಲಸ ಮಾಡಿತು ಎಂದು ಹೇಗೆ ತಿಳಿಯುವುದು? ಸದ್ಯಕ್ಕೆ ನನಗೆ ಕಾಣುವ ಬಲವಾದ ಮದ್ದು ನೀವೇ."

ಅದು ಚುಚ್ಚುಮಾತೋ ಸಮಾಧಾನವೋ ತಿಳಿಯಲಿಲ್ಲ. ಡಾಕ್ಟರ್ ನಗಲಿಲ್ಲ. ಆಕೆ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಒರೆಸಿದಳು. ಹೆಚ್ಚಿನ ಮದ್ದು ಎಷ್ಟು ಬೇಕಾಯಿತು ಎಂಬ ಲೆಕ್ಕವನ್ನಾದರೂ ಉಳಿಸಿಕೊಳ್ಳಬಹುದೇ ಎಂದು ಕೇಳಿದಳು. ಸಿಸ್ಟರ್ ನನ್ನ ಹಾಳೆ ನೋಡಿ ಮುಂದೆ ಹೋದದ್ದನ್ನೂ ಹೇಳಬೇಕಾಯಿತು. ಅದೂ ಹೋಯಿತು. ನಾನು ಬರೆದ ಅಂಕಿಗಳನ್ನೆಲ್ಲ ಬದಿಗಿಟ್ಟು, ಆಸ್ಪತ್ರೆಯ ನೈತಿಕ ಸಮಿತಿಗೆ ತಿಳಿಸಿ, ಮೊದಲಿನಿಂದ ಶುರು ಮಾಡುವುದು ಎಂದು ತೀರ್ಮಾನವಾಯಿತು. ಸಮ್ಮೇಳನ ಬಿಟ್ಟುಹೋಯಿತು. ಆಕೆ ಬಹಳ ದಿನ ನಮ್ಮ ಮನೆಗೆ ಚಹಾಕ್ಕೆ ಬರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ಇಬ್ಬರೂ ಮಹಡಿಯ ಅಂಕಿಗಳನ್ನು ನೋಡುತ್ತಾ ನಿಲ್ಲುತ್ತಿದ್ದೆವು.

ನನ್ನನ್ನು ಹೊರಗೆ ಹಾಕಲಿಲ್ಲ. ಇದನ್ನು ಕೃಪೆ ಎನ್ನಲು ಆಗ ನಾಲಿಗೆ ಏಳಲಿಲ್ಲ. ಕೇಳುವ ಕೆಲಸ ತೆಗೆದು, ಮನೆಗೆ ಹೋದವರಿಗೆ ಫೋನ್ ಮಾಡಿ ಮತ್ತೆ ಬರುವ ದಿನ ನೆನಪಿಸುವ ಕೆಲಸ ಕೊಟ್ಟರು. ಹೊಲಿಗೆಯ ಮಾಶಿಮಾ ಹೆಸರೂ ಅದರಲ್ಲಿತ್ತು. ಎಡಗಾಲಿಗೆ ಒಪ್ಪುತ್ತಾರೋ ಇಲ್ಲವೋ ಕೇಳಬೇಕಿತ್ತು. ಫೋನಿನಲ್ಲಿ ಅವರು "ಬೇಡ ಬೌದಿ" ಎಂದು ಇಟ್ಟುಬಿಟ್ಟರು. ಡಾಕ್ಟರ್ ಅನುಮತಿ ಕೇಳಿ ಗಲ್ಲಿಗೆ ಹೋದೆ.

ಮಷಿನಿನ ಮುಂದೆ ಬಲಗಾಲನ್ನು ಕೋಲಿನ ಹಾಗೆ ಚಾಚಿ ಕುಳಿತಿದ್ದರು. ನೋಯುವ ಎಡಗಾಲೊಂದರಲ್ಲೇ ತುಳಿಯುತ್ತಿದ್ದರು. ನಾಲ್ಕು ತುಳಿತಕ್ಕೊಮ್ಮೆ ನಿಲ್ಲುತ್ತಿತ್ತು. ಒಂದು ಫಾಲ್ ಹಚ್ಚಲು ಅರ್ಧ ದಿನ ಎಂದರು.

"ಮಾಶಿಮಾ, ಅವತ್ತು ನಾನು ಕೇಳಿದ ರೀತಿ ತಪ್ಪು" ಎಂದೆ. "ನಾನು ಹಾಗೆ ಕೇಳಿದ್ದಕ್ಕೇ ನಿಮಗೆ ಮದ್ದು ಸಿಗಲಿಲ್ಲ."

"ಹಾಗೆ ಕೇಳದೆ ಇನ್ನು ಹೇಗೆ ಕೇಳುತ್ತಾರೆ? ಎರಡು ಎಂದು ಹೇಳಿದವಳು ನಾನು."

"ಹೇಳಿಸಿದವಳು ನಾನು."

ದಾರ ಕಚ್ಚಿ ತುಂಡರಿಸಿದರು. ನಾನು ಎಲ್ಲವನ್ನೂ ಹೇಳಿದೆ, ಧ್ವನಿಮುದ್ರಣ ಕೇಳಿದ್ದು, ಅಂಕಿಗಳನ್ನು ಬದಿಗಿಟ್ಟಿದ್ದು. ಎಡಗಾಲಿಗೆ ಬಂದರೆ ಸಿಸ್ಟರ್ ತಾವೇ ಕೇಳುತ್ತಾರೆ, ಹೇಳಿದ ತಕ್ಷಣ ಮದ್ದು ಕೊಡುತ್ತಾರೆ ಎಂದು ಡಾಕ್ಟರ್ ಮಾತು ಕೊಟ್ಟಿದ್ದನ್ನೂ ಹೇಳಿದೆ. ಬಲಗಾಲಿಗೂ ಮತ್ತೆ ವ್ಯಾಯಾಮ ಮಾಡಿಸುತ್ತಾರೆ, ಇನ್ನೂ ಬಿಗಿ ಬಿಡಬಹುದು ಎಂದೆ. ಬಿಡುತ್ತದೆ ಎಂಬ ಮಾತೇ ಬಾಯಿಗೆ ಬಂದಿತ್ತು, ತಡೆದುಕೊಂಡೆ.

"ಬರುತ್ತೇನೆ" ಎಂದರು ಕೊನೆಗೆ. "ಆದರೆ ನೀವು ಕೇಳಬಾರದು. ಹತ್ತಿರವೂ ಬರಬಾರದು. ನಿಮ್ಮ ಮುಖ ಕಂಡರೆ ನನಗೆ ಸುಳ್ಳು ಹೇಳಬೇಕು ಅನಿಸುತ್ತದೆ ಬೌದಿ."

ಇಷ್ಟು ವರ್ಷ ಹಾಸಿಗೆ ಹಿಡಿದವರ ಪಕ್ಕ ಕುಳಿತುಕೊಳ್ಳುವುದೇ ನನಗೆ ಬರುವ ಒಂದು ಸೇವೆ ಎಂದು ತಿಳಿದಿದ್ದೆ. ಆಗಲಿ ಎಂದೆ.

ಎಡಗಾಲಿನ ಶಸ್ತ್ರಚಿಕಿತ್ಸೆ ಸಂಶೋಧನೆಯ ಹೊರಗಿನದು. ಡಾಕ್ಟರ್ ತೊಡೆಗೂ ಮೊಣಕಾಲಿನ ಹಿಂದೆಯೂ ಚುಚ್ಚುಮದ್ದು ಕೊಟ್ಟಳು. ಮದ್ದಿನ ಬಲ ಇಳಿಯುವ ಹೊತ್ತಿಗೆ, ಮಾರನೆಯ ದಿನ ಮಧ್ಯಾಹ್ನ, ನಾನು ವಾರ್ಡಿಗೆ ಹೋದೆ. ಅವರ ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ಹೊರಗೇ ನಿಂತೆ. ಒಳಗೆ ಸಿಸ್ಟರ್ ಬಸ್ಸಿನ ಬೋರ್ಡು ಓದುವ ದನಿಯಲ್ಲಿ, ಹೇಗಿದ್ದೀರಿ ಎಂದೂ ಕೇಳದೆ, ನೇರವಾಗಿ ಪ್ರಶ್ನೆ ಕೇಳಿದರು. ಉತ್ತರ ಬರಲಿಲ್ಲ. ಸಿಸ್ಟರ್ ಕೂಡ ಏನೂ ಹೇಳದೆ ಕಾದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

"ಆಟ್" ಎಂದರು ಮಾಶಿಮಾ. ಎಂಟು. ಆಮೇಲೆ, ಗಲ್ಲಿಯಲ್ಲಿ ಗಿರಾಕಿಯ ಜೊತೆ ಜಗಳಕ್ಕೆ ನಿಂತ ದನಿಯಲ್ಲಿ: "ಕೇಳಿಸಿತಾ? ಎಂಟು! ಎಂಟು ಎಂದೇ ಬರೆ! ಮದ್ದು ತಾ!"

ಸಿಸ್ಟರ್ ಪರದೆಯಿಂದ ಹೊರಬಂದು, ನನ್ನನ್ನು ಬದಿಗೆ ಸರಿಸಿ, ಮದ್ದಿನ ಕಪಾಟಿನ ಕಡೆ ಬೇಗ ಬೇಗ ಹೋದರು. ಒಳಗೆ ಮಾಶಿಮಾ ಜೋರಾಗಿ ನರಳುತ್ತಿದ್ದರು, ಯಾರಿಗೂ ಸಂಕೋಚಪಡದೆ. ಒಳಗೆ ಹೋಗಿ ಅವರ ಕೈ ಹಿಡಿದುಕೊಳ್ಳಬೇಕು ಎಂದು ಜೀವ ಎಳೆಯಿತು. ಪರದೆ ನನ್ನ ಕೈಗೆ ಎಟಕುವಷ್ಟು ಹತ್ತಿರವಿತ್ತು. ಸರಿಸಲಿಲ್ಲ.